ಮನೆ ಯಾರ ಹೆಸರಿನಲ್ಲಿದೆ

ಕಬ್ಬಿಣದ ಅಲಗು ರಸ್ತೆಯನ್ನು ಕೆರೆಯುವ ಸದ್ದು ಬೆಟ್ಟದ ತಿರುವಿನಲ್ಲಿ ಹುಟ್ಟಿತು. ಸೇತುವೆಯ ಮೇಲೆ ಒಂದು ಗಳಿಗೆ ಟೊಳ್ಳಾಗಿ ಕೇಳಿಸಿ, ಮತ್ತೆ ಗಟ್ಟಿಯಾಗಿ, ಎಲ್ಡನ್ ವಿಗಿನ್‌ನ ಅಡುಗೆಮನೆಯ ಕಿಟಕಿಯ ಕೆಳಗೇ ಬಂದಿತು. ಬೆಳಗಿನ ಆರೂವರೆ. ಎಲ್ಡನ್ ಕಾಫಿ ಲೋಟ ಕೆಳಗಿಟ್ಟು ಕಿವಿಗೊಟ್ಟ.

"ಅಲಗು ತೀರಾ ಕೆಳಗಿಳಿಸಿದಾನೆ. ಡಾಂಬರೇ ಕಿತ್ಕೊಂಡು ಬರುತ್ತೆ," ಎಂದ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ರಸ್ತೆಯ ಹಿಮ ತಳ್ಳುವ ಅಂಥದೇ ಲಾರಿಯನ್ನು ಟಕರ್ಸ್ ಮಿಲ್ಸ್ ಊರಿಗಾಗಿ ಅವನು ಮೂವತ್ತೊಂದು ವರ್ಷ ಓಡಿಸಿದ್ದ. ಅದಕ್ಕೆ ಮೊದಲು ಎರಡು ವರ್ಷ ವಿಯೆಟ್ನಾಮಿನ ಕೆಂಪು ಮಣ್ಣಿನಲ್ಲಿ ಸೈನ್ಯಕ್ಕಾಗಿ ರಸ್ತೆ ಮಾಡಿದ್ದ. ಯಾರಾದರೂ ಯುದ್ಧದ ವಿಷಯ ಎತ್ತಿದರೆ, "ನಾನು ರಸ್ತೆ ಮಾಡ್ತಿದ್ದೆ ಅಷ್ಟೆ. ಇಲ್ಲೂ ಅದೇ, ಅಲ್ಲೂ ಅದೇ. ಅಲ್ಲಿ ಸ್ವಲ್ಪ ಸೆಕೆ," ಎಂದು ಮುಗಿಸಿಬಿಡುತ್ತಿದ್ದ. ಮಾತನ್ನು ಬೇಗ ಮುಗಿಸುವುದು ಅವನ ಗುಣ. ಆ ಊರಿನ ಗುಣವೂ ಅದೇ.

ಮಾರ್ಚ್ ತಿಂಗಳು. ಹಗಲು, ಸಿಹಿ ಪಾಕ ಕಾಯಿಸಲೆಂದು ಬಕೆಟ್ಟು ಕಟ್ಟಿದ ಮೇಪಲ್ ಮರಗಳಿಂದ ರಸ ತೊಟ್ಟಿಕ್ಕುತ್ತದೆ, ಇರುಳು ಅದೇ ರಸ ಬಕೆಟ್ಟಿನಲ್ಲಿ ಹೆಪ್ಪುಗಟ್ಟುತ್ತದೆ. ಚಳಿಗಾಲ ಮುಗಿಯಿತೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಒಂದು ಕಾಗದ ಇತ್ತು. ಹದಿನೇಳು ದಿನದಿಂದ ಅಲ್ಲೇ ಇತ್ತು. ಮನೆ ಕಂದಾಯದಲ್ಲಿ ರಿಯಾಯಿತಿ ಪಡೆಯುವ ವಯಸ್ಸಾದವರು, ಅಂಗವಿಕಲರು, ಸೈನ್ಯದಿಂದ ಬಂದವರು ಇವರೆಲ್ಲರ ಕಾಗದಪತ್ರಗಳನ್ನು ಊರಿನ ಕಚೇರಿ ಈ ವರ್ಷ ಹೊಸದಾಗಿ ನೋಡುತ್ತಿತ್ತು. ಎಲ್ಡನ್‌ಗೆ ವಯಸ್ಸಿನದೂ ಇತ್ತು, ಸೈನ್ಯದ್ದೂ ಇತ್ತು. ಆ ಎರಡು ರಿಯಾಯಿತಿ ತಪ್ಪಿದರೆ, ಕಂದಾಯ ಕಟ್ಟಿದ ಮೇಲೆ ಪಿಂಚಣಿಯಲ್ಲಿ ಮನೆ ಬೆಚ್ಚಗಿಡುವ ಎಣ್ಣೆಗೆ ಏನೂ ಉಳಿಯುವುದಿಲ್ಲ. ಎಣ್ಣೆಯಿಲ್ಲದೆ ಆ ಮನೆಯಲ್ಲಿ ಎಪ್ಪತ್ತೊಂಬತ್ತು ವರ್ಷದ ಮನುಷ್ಯ ಒಂದು ಜನವರಿಯನ್ನೂ ದಾಟಲಾರ.

ಮೊದಲ ಐದು ಪ್ರಶ್ನೆಗಳಿಗೆ ಅವನು ಕಾಗದ ಬಂದ ದಿನವೇ ಉತ್ತರ ಬರೆದಿದ್ದ. ಹೆಸರು, ಹುಟ್ಟಿದ ದಿನ, ಸೈನ್ಯದಲ್ಲಿದ್ದ ವರ್ಷಗಳು, ಆದಾಯ, ಬ್ಯಾಂಕಿನಲ್ಲಿರುವ ಹಣ. ಆರನೆಯದರಲ್ಲಿ ಪೆನ್ನು ನಿಂತಿತ್ತು. ಮನೆ ಯಾರ ಹೆಸರಿನಲ್ಲಿದೆ?

ಕೆಳಗೆ ಸಹಿ ಮಾಡುವ ಜಾಗ. ಸುಳ್ಳು ಬರೆದರೆ ಶಿಕ್ಷೆ ಉಂಟೆಂದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು.

ಮನೆ ಅವನ ಹೆಸರಿನಲ್ಲಿರಲಿಲ್ಲ. ಆರು ವರ್ಷದ ಹಿಂದೆ ಹೆಂಡತಿ ಆರ್ಲಿಸ್ ತೀರಿಕೊಂಡಳು. ಅದಕ್ಕೆ ಮೊದಲು ಎರಡು ವರ್ಷ ಅವಳು ಹಾಸಿಗೆ ಹಿಡಿದವರ ಆರೈಕೆ ಮನೆಯಲ್ಲಿದ್ದಳು. ಇಬ್ಬರೂ ಸೇರಿ ಕೂಡಿಟ್ಟದ್ದನ್ನೆಲ್ಲ ಆ ಎರಡು ವರ್ಷ ನುಂಗಿತು. ಅವಳನ್ನು ಮಣ್ಣು ಮಾಡಿ ಬಂದು ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಾಗ ಯಾರೋ ಅವನ ಕಿವಿಯ ಹತ್ತಿರ, "ಮನೇನ ಬೇಗ ಯಾರದಾದರೂ ಹೆಸರಿಗೆ ಮಾಡು. ಇಲ್ಲದಿದ್ದರೆ ನಿನ್ನ ಸರದಿ ಬಂದಾಗ ಆರೈಕೆ ಮನೆಯವರು ಅದನ್ನೂ ತಿಂತಾರೆ," ಎಂದಿದ್ದರು. ಊರಿನಲ್ಲಿ ಅರ್ಧ ಜನ ಹಾಗೆ ಮಾಡಿದ್ದರು. ಮಾಡಿದ್ದೇವೆಂದು ಒಬ್ಬರೂ ಹೇಳುತ್ತಿರಲಿಲ್ಲ.

ಎಲ್ಡನ್‌ಗೆ ಮಕ್ಕಳಿಲ್ಲ. ತಂಗಿಯ ಮಗಳು ಕೊರಿನ್ ಇದ್ದಳು. ಅವಳ ಹೆಸರಿಗೆ ಬರೆದುಕೊಟ್ಟ. 'ಬದುಕಿರುವವರೆಗೆ ಇಲ್ಲಿ ಇರುವ ಹಕ್ಕು ನನ್ನದು' ಎಂಬ ಒಂದು ಸಾಲನ್ನು ಪತ್ರದಲ್ಲಿ ಸೇರಿಸಲೇ ಎಂದು ವಕೀಲ ಎರಡು ಸಲ ಕೇಳಿದ್ದ. ಬುದ್ಧಿಯಿದ್ದವರೆಲ್ಲ ಆ ಸಾಲು ಬರೆಸುತ್ತಾರೆ. ಎಲ್ಡನ್‌ಗೆ ಅದು ಎದುರಿಗೇ ಕೂತಿದ್ದ ಕೊರಿನ್‌ಳನ್ನು ಅವಮಾನ ಮಾಡಿದ ಹಾಗೆ ಕಂಡಿತು. ನಿನ್ನ ಮೇಲೆ ನಂಬಿಕೆಯಿಲ್ಲ ಎಂದು ಸರ್ಕಾರಿ ಕಾಗದದಲ್ಲಿ ಬರೆಸಿದ ಹಾಗೆ. "ಕೈ ಕುಲುಕಿದೀವಲ್ಲ. ಸಾಕು," ಎಂದಿದ್ದ.

ಅಂದಿನಿಂದ ಕಂದಾಯದ ಚೀಟಿ ಎಂದಿನಂತೆ ಅವನ ಅಂಚೆ ಪೆಟ್ಟಿಗೆಗೇ ಬಂದು ಬೀಳುತ್ತಿತ್ತು. ರಿಯಾಯಿತಿ ಕಳೆದ ಮೊತ್ತವನ್ನು ಅವನೇ ಹೋಗಿ ಕಟ್ಟುತ್ತಿದ್ದ. ಅದರಲ್ಲಿ ತಪ್ಪಿರಬಹುದೆಂದು ಆರನೆಯ ಪ್ರಶ್ನೆ ಓದುವ ತನಕ ಅವನಿಗೆ ಹೊಳೆದೇ ಇರಲಿಲ್ಲ. ಓದಿದ ಮೇಲೆ ಬೇರೆ ಯಾವುದೂ ಹೊಳೆಯುತ್ತಿರಲಿಲ್ಲ.

ಒಂಬತ್ತು ಗಂಟೆಗೆ ಹಳೆಯ ಸ್ನೇಹಿತ ರಾಸ್ಕೋ ಟ್ವಿಚೆಲ್ ಬಂದ. ಬಾಗಿಲು ತಟ್ಟುವ ಅಭ್ಯಾಸ ಅವನಿಗಿಲ್ಲ. ಎಲ್ಡನ್ ಸರಕ್ಕನೆ ಕಾಗದ ಎತ್ತಿ ರೊಟ್ಟಿ ಪೆಟ್ಟಿಗೆಯೊಳಗೆ ಸೇರಿಸಿದ. ರಾಸ್ಕೋ ಕುರ್ಚಿಯಲ್ಲಿ ಕೂತು ಎಡಗಾಲನ್ನು ಎರಡೂ ಕೈಯಿಂದ ಎತ್ತಿ ನೇರವಾಗಿ ಚಾಚಿದ. ಮೊಣಕಾಲಿನ ಕೆಳಗಿನದು ಅವನದಲ್ಲ. ಅವನದು ಯುದ್ಧದಲ್ಲೇ ಉಳಿದಿತ್ತು.

"ಕಾಫಿ ಹಾಕೋ. ಶನಿವಾರದ ಊರ ಸಭೇಲಿ ನೀನು ಮಾತಾಡ್ತಿದೀಯ."

"ಯಾರು ಹೇಳಿದ್ದು?"

"ನಾನು. ಹದಿನಾಲ್ಕನೇ ಠರಾವು ನಮ್ಮದು. ಮುದುಕರಿಗೆ, ಕುಂಟರಿಗೆ, ಸೈನ್ಯದವರಿಗೆ ರಿಯಾಯಿತಿ ಇನ್ನೊಂದಿಷ್ಟು ಹೆಚ್ಚಿಸಿ ಅಂತ. ನಾನು ಮೂರರಲ್ಲೂ ಬರ್ತೀನಿ, ನಾನು ಮಾತಾಡಿದರೆ ಸ್ವಾರ್ಥ ಅಂತಾರೆ."

"ನಾನೂ ಎರಡರಲ್ಲಿ ಬರ್ತೀನಲ್ಲ."

"ನೀನು ಬೇರೆ ಕಣೋ. ಈ ಊರಲ್ಲಿ ಹೆರಿಗೆ ನೋವು ಬಂದ ಅರ್ಧ ಹೆಂಗಸರನ್ನ ಹಿಮದಲ್ಲಿ ದಾರಿ ಬಿಡಿಸಿ ಆಸ್ಪತ್ರೆಗೆ ಕಳಿಸಿದ್ದು ನಿನ್ನ ಲಾರಿ. ನೀನು ಎದ್ದು ಕೆಮ್ಮಿದರೂ ಇಪ್ಪತ್ತು ವೋಟು ಬೀಳುತ್ತೆ."

"ನನಗೆ ಮಾತು ಬರಲ್ಲ ರಾಸ್ಕೋ."

"ಅದಕ್ಕೇ ಬೇಕಾಗಿರೋದು. ಮಾತು ಬರೋರನ್ನ ಯಾರು ನಂಬ್ತಾರೆ?" ರಾಸ್ಕೋ ಕಾಫಿ ಊದಿದ. ತಮಾಷೆ ಅವನ ಮುಖದಿಂದ ನಿಧಾನವಾಗಿ ಇಳಿಯಿತು. "ಇದು ಬೀಳಬಾರದು ಎಲ್ಡನ್. ಹೊಸದಾಗಿ ಮನೆಗಳ ಬೆಲೆ ಕಟ್ಟಿದ್ರಲ್ಲ, ನನ್ನ ಗುಡಿಸಲಿಗೆ ಏನು ಬರೆದಿದಾರೆ ಗೊತ್ತಾ? ಅದನ್ನ ನೋಡಿ ನಾನೇ ಹೊರಗೆ ಬಂದು ಮನೆ ಕಡೆ ತಿರುಗಿ ನೋಡಿದೆ, ಇದೇನಾ ಅಂತ. ಠರಾವು ಬಿದ್ದರೆ ನಾನು ಮಾರಿ ಹೋಗಬೇಕು."

ಎಲ್ಡನ್ ರೊಟ್ಟಿ ಪೆಟ್ಟಿಗೆಯ ಕಡೆ ನೋಡದಿರಲು ಕಿಟಕಿಯ ಕಡೆ ನೋಡಿದ. "ನೋಡೋಣ," ಎಂದ. ಆ ಊರಿನಲ್ಲಿ ಅದು ಒಪ್ಪಿಗೆಯೇ.

ಮಧ್ಯಾಹ್ನ ಅವನು ಊರ ಕಚೇರಿಗೆ ಹೋದ. ಕಂದಾಯದ ಕಿಟಕಿಯಲ್ಲಿ ಗುಮಾಸ್ತೆ ಮಾರ್ಲೀನ್ ಪಾಕೆಟ್ ಕೂತಿದ್ದಳು. ಅವಳ ಕನ್ನಡಕ ಹಣೆಯ ಮೇಲಿತ್ತು.

"ಮಾರ್ಲೀನ್, ಒಂದು ಮಾತು ಕೇಳಬೇಕಿತ್ತು. ನನಗಲ್ಲ, ನನ್ನ ಒಬ್ಬ ಸ್ನೇಹಿತನಿಗೆ."

"ಈ ವಾರ ಸ್ನೇಹಿತನಿಗೆ ಅಂತ ಕೇಳೋಕೆ ಬಂದವರಲ್ಲಿ ನೀವು ನಾಲ್ಕನೆಯವರು," ಎಂದಳು ಮಾರ್ಲೀನ್. "ಹೇಳಿ, ಇವರಿಗೇನಂತೆ?"

"ಅವನು ಮನೇನ ಬೇರೆಯವರ ಹೆಸರಿಗೆ ಬರೆದುಕೊಟ್ಟಿದಾನೆ. ಇರೋದು ಅಲ್ಲೇ. ಕಂದಾಯ ಕಟ್ಟೋದೂ ಅವನೇ. ರಿಯಾಯಿತಿ..."

ಮಾರ್ಲೀನ್‌ಳ ಕನ್ನಡಕ ಹಣೆಯಿಂದ ಮೂಗಿಗಿಳಿಯಿತು. "ಬದುಕಿರೋವರೆಗೆ ಇರೋ ಹಕ್ಕು ಅಂತ ಪತ್ರದಲ್ಲಿ ಒಂದು ಸಾಲು ಇದೆಯಾ?"

"ಇಲ್ಲ."

"ಹಾಗಾದರೆ ರಿಯಾಯಿತಿ ಇಲ್ಲ ಎಲ್ಡನ್. ಬರೆದುಕೊಟ್ಟ ದಿನದಿಂದಲೇ ಇರಲಿಲ್ಲ."

"ಇಷ್ಟು ದಿನ ತಗೊಂಡಿದ್ದು?"

"ವಾಪಸ್ ಕೇಳಬಹುದು, ಕೇಳದೇನೂ ಇರಬಹುದು. ಅದು ಊರಾಡಳಿತ ನೋಡ್ಕೊಳ್ಳೋ ಮೂವರು ಸದಸ್ಯರಿಗೆ ಬಿಟ್ಟಿದ್ದು. ಆದರೆ ಏಪ್ರಿಲ್ ಒಂದರೊಳಗೆ ಆ ಸಾಲು ಬರೆಸಿ ನೋಂದಣಿ ಮಾಡಿಸಿದರೆ ಮುಂದಕ್ಕೆ ಸಿಗುತ್ತೆ. ಹೋಗಿ ಆ ಹುಡುಗೀನ ಕೇಳೋಕೆ ಹೇಳಿ, ನಿಮ್ಮ ಸ್ನೇಹಿತರಿಗೆ."

"ಹುಡುಗಿ ಅಂತ ನಾನು ಹೇಳಲಿಲ್ಲ."

ಮಾರ್ಲೀನ್ ಕನ್ನಡಕವನ್ನು ಮತ್ತೆ ಹಣೆಗೇರಿಸಿದಳು. ಹಿಂದೆ ಪ್ರಿಂಟರ್ ಒಂದು ಹಾಳೆಯನ್ನು ಮೆಲ್ಲಗೆ ಹೊರಗೆ ಬಿಡುತ್ತಿತ್ತು. "ಹೇಳಲಿಲ್ಲ. ನಾನೂ ಏನೂ ಕೇಳಿಸಿಕೊಳ್ಳಲಿಲ್ಲ. ಆದರೆ ಇನ್ನೊಂದು ಸಲ ಬಂದು ಹೇಳಿದರೆ ಕೇಳಿಸಿಕೊಳ್ಳಬೇಕಾಗುತ್ತೆ. ನಾನು ಇಲ್ಲಿ ಕೂತಿರೋದೇ ಅದಕ್ಕೆ."

ಕೇಳಬೇಕಾದ್ದು ಒಂದೇ ಮಾತು. ಅಂದು ಸಂಜೆ ಎಲ್ಡನ್ ಅದನ್ನು ಒಲೆಯ ಮುಂದೆ ನಿಂತು ನಾಲ್ಕು ಥರದಲ್ಲಿ ಹೇಳಿ ನೋಡಿದ. ನಾಲ್ಕು ಥರದಲ್ಲೂ ಅದು ಕೊಟ್ಟದ್ದನ್ನು ವಾಪಸ್ ಕೇಳುವವನ ಮಾತಾಗಿಯೇ ಕೇಳಿಸಿತು. ಕೊನೆಗೆ ಫೋನ್ ಎತ್ತಿದ. ಕೊರಿನ್ ಇರುವುದು ಒಂದು ಗಂಟೆಯ ದಾರಿಯ ಪಟ್ಟಣದಲ್ಲಿ. ಹಲ್ಲಿನ ಡಾಕ್ಟರ ಹತ್ತಿರ ಕೆಲಸ. ಗಂಡ ಡ್ವೈಟ್ ಕಾರು ರಿಪೇರಿ ಮಾಡುತ್ತಾನೆ.

"ಅಲ್ಲಿ ಹಿಮ ಬಿತ್ತಾ ಕೊರಿನ್?"

"ಐದಿಂಚು ಮಾವ. ಅಲ್ಲಿ?"

"ಏಳು."

"ಓ."

"ಏಳೂವರೆ ಇರಬಹುದು." ಎಲ್ಡನ್ ಫೋನಿನ ದಾರವನ್ನು ಬೆರಳಿಗೆ ಸುತ್ತಿಕೊಂಡ. "ಹೊಸ ಡ್ರೈವರ್‌ಗೆ ಅಲಗು ಹಿಡಿಯೋಕೇ ಬರಲ್ಲ."

"ನೀವು ಅವನಿಗೆ ಹೇಳಿಕೊಡಬೇಕು ಮಾವ." ಆಮೇಲೆ ಅವಳ ದನಿ ಸ್ವಲ್ಪ ತಗ್ಗಿತು. "ನಾನೇ ಫೋನ್ ಮಾಡಬೇಕಂತಿದ್ದೆ. ಮನೆ ವಿಷಯ ಸ್ವಲ್ಪ ಮಾತಾಡೋದಿದೆ."

"ಏನು?"

"ಫೋನಲ್ಲಿ ಬೇಡ. ಶನಿವಾರ ಸಭೆಗೆ ಬರ್ತೀನಲ್ಲ. ಚರ್ಚಿನವರ ಬೀನ್ಸ್ ಊಟ ಬಿಡೋಕಾಗುತ್ತಾ?"

"ಬಾ," ಎಂದ ಎಲ್ಡನ್. ಫೋನ್ ಇಟ್ಟ ಮೇಲೂ ದಾರ ಬೆರಳಿಗೆ ಸುತ್ತಿಕೊಂಡೇ ಇತ್ತು. ಬೆರಳ ತುದಿ ಬಿಳಿಚಿಕೊಂಡಿತ್ತು.

ಶನಿವಾರಕ್ಕೆ ನಾಲ್ಕು ದಿನ. ಆ ನಾಲ್ಕು ದಿನ ಅವನು ಐವತ್ತು ವರ್ಷ ಬಾಳಿದ ಮನೆಯಲ್ಲಿ ನೆಂಟನ ಹಾಗೆ ಓಡಾಡಿದ. ಬಾಗಿಲಲ್ಲಿ ಬೂಟನ್ನು ಎರಡೆರಡು ಸಲ ಒರೆಸಿದ. ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರ್ ತೂಗುಹಾಕಲು ಮೊಳೆಯನ್ನು ಗೋಡೆಗಿಟ್ಟು ಸುತ್ತಿಗೆ ಎತ್ತಿದವನು, ಹೊಡೆಯದೆ ಕೆಳಗಿಳಿಸಿದ. ಗೋಡೆ ಕೊರಿನ್‌ಳದು. ಮೆಟ್ಟಿಲ ಕೈಹಿಡಿಕೆ ಆರ್ಲಿಸ್‌ಳ ಅಂಗೈ ತಾಗಿ ತಾಗಿ ಸವೆದು ನುಣುಪಾದದ್ದು. ಅದೂ ಕೊರಿನ್‌ಳದೇ. ಮನೆ ವಿಷಯ ಎಂದರೆ ಏನು? ಮಾರುತ್ತಾಳೆಯೇ? ಮಾರುವುದಾದರೆ, ಬೇಡ ಎನ್ನಲು ಅವನ ಹತ್ತಿರ ಏನಿದೆ? ಕೈ ಕುಲುಕಿದ್ದಿದೆ. ರಾತ್ರಿ ಬಿಸಿನೀರಿನ ಕೊಳವೆಗಳು ಗೋಡೆಯೊಳಗೆ ಟಕಟಕ ಎಂದಾಗಲೆಲ್ಲ ಎಣ್ಣೆ ಸುಡುತ್ತಿದೆ ಎಂದು ಎದ್ದು ಹೋಗಿ ಬಿಸಿಯನ್ನು ಒಂದು ಗೀಟು ತಗ್ಗಿಸಿ ಬರುತ್ತಿದ್ದ. ಶುಕ್ರವಾರ ಬೆಳಿಗ್ಗೆ ಸಿಂಕಿನಲ್ಲಿ ನೆನೆಹಾಕಿದ್ದ ಬಟ್ಟಲಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು.

ಸಭೆ ಶಾಲೆಯ ಆಟದ ಹಾಲ್‌ನಲ್ಲಿ. ಬಾಗಿಲಲ್ಲಿ ಹೆಸರು ಹೇಳಿದರೆ ಕಿತ್ತಳೆ ಬಣ್ಣದ ಒಂದು ಕಾರ್ಡು ಕೊಡುತ್ತಾರೆ. ವೋಟು ಹಾಕುವುದು ಅದನ್ನೆತ್ತಿ. ಊರಿನವರಲ್ಲದವರಿಗೆ ಕಾರ್ಡಿಲ್ಲ; ಪಕ್ಕದ ಗೋಡೆಗೆ, ಬ್ಯಾಸ್ಕೆಟ್‌ಬಾಲ್ ಬಳೆಯ ಕೆಳಗೆ, ಅವರಿಗೆ ಬೇರೆ ಕುರ್ಚಿಗಳು. ಕೊರಿನ್ ಅಲ್ಲಿ ಕೂತಿದ್ದಳು. ಎಲ್ಡನ್‌ನನ್ನು ಕಂಡು ಕೈಬೀಸಿದಳು. ನಗಲಿಲ್ಲ. ಅಥವಾ ಅವನಿಗೆ ಹಾಗೆ ಕಂಡಿತು. ಅಡುಗೆ ಕೋಣೆಯಿಂದ ಬೆಲ್ಲ, ಹಂದಿಮಾಂಸ, ಬೀನ್ಸು ಒಟ್ಟಿಗೆ ಬೆಂದ ವಾಸನೆ ಬರುತ್ತಿತ್ತು. 

ಹದಿಮೂರು ಠರಾವು ಮುಗಿಯುವಷ್ಟರಲ್ಲಿ ಹನ್ನೊಂದೂವರೆ. ಸಭೆ ನಡೆಸುತ್ತಿದ್ದವರು ನಿವೃತ್ತ ಶಾಲಾ ಮೇಷ್ಟ್ರು ಹಾಬಾರ್ಟ್. ಹದಿನಾಲ್ಕನೆಯದನ್ನು ಓದಿ, "ಯಾರಾದರೂ ಮಾತಾಡೋರಿದ್ದೀರಾ?" ಎಂದರು.

ಬ್ರೆಂಡನ್ ಲಾಫ್ಲಾಮ್ ಎದ್ದ. ಛಾವಣಿ ಹಾಕುವ ಕೆಲಸದವನು, ಮೂವತ್ತರ ಆಸುಪಾಸು, ಹೆಗಲ ಮೇಲೆ ಒಂದು ಕೂಸು. "ನನಗೆ ಯಾರ ಮೇಲೂ ಕೋಪ ಇಲ್ಲ. ಆದರೆ ಅವರಿಗೆ ಬಿಟ್ಟ ಕಂದಾಯ ಗಾಳೀಲಿ ಹೋಗಲ್ಲ, ನಮ್ಮ ತಲೆ ಮೇಲೆ ಬರುತ್ತೆ. ನಮಗೂ ಮೂರು ಮಕ್ಕಳು. ಇನ್ನೊಂದು ಹೇಳ್ತೀನಿ. ಮನೇನ ಮಕ್ಕಳ ಹೆಸರಿಗೆ ಮಾಡಿ, ಇದು ನನ್ನದೇ ಅಂತ ರಿಯಾಯಿತಿ ತಗೊಳ್ಳೋರು ಈ ಊರಲ್ಲಿದಾರೆ."

"ಹೆಸರು ಹೇಳೋ ಹುಡುಗ!" ರಾಸ್ಕೋ ಕೂತಲ್ಲಿಂದಲೇ ಕೂಗಿದ.

"ಅಧ್ಯಕ್ಷರ ಕಡೆ ಮಾತಾಡಿ," ಎಂದರು ಹಾಬಾರ್ಟ್.

"ಅಧ್ಯಕ್ಷರೇ, ಹೆಸರು ಹೇಳೋಕೆ ಹೇಳಿ. ನಾನು ಹೇಳ್ತೀನಿ, ಈ ಊರಲ್ಲಿ ಅಂಥವರು ಒಬ್ಬರೂ ಇಲ್ಲ. ನನ್ನ ಮಾತು ಬೇಡ, ಎಲ್ಡನ್ ವಿಗಿನ್ನನ್ನ ಕೇಳಿ. ಈ ಊರಿನ ಒಂದೊಂದು ಮನೆ ಬಾಗಿಲೂ ಅವನಿಗೆ ಗೊತ್ತು. ಅವನ ಬಾಯಲ್ಲಿ ಸುಳ್ಳು ಬಂದಿದ್ದನ್ನ ಕೇಳಿದವರು ಯಾರಾದರೂ ಇದ್ದರೆ ಕೈ ಎತ್ತಿ."

ಯಾರೂ ಎತ್ತಲಿಲ್ಲ. ಇನ್ನೂರು ಮುಖಗಳು ಅವನ ಕಡೆ ತಿರುಗಿದವು. ಎಲ್ಡನ್ ಎದ್ದ. ಮೈಕಿನ ತನಕ ಹದಿನಾರು ಹೆಜ್ಜೆ. ಇಲ್ಲ ಎಂದುಬಿಟ್ಟರೆ ಠರಾವು ಗೆಲ್ಲುತ್ತದೆ. ರಾಸ್ಕೋ ಉಳಿಯುತ್ತಾನೆ. ಮಾರ್ಲೀನ್ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಸುಳ್ಳೆಂದು ಅವಳಿಗೂ ಕೊರಿನ್‌ಗೂ ಮಾತ್ರ ಗೊತ್ತಾಗುತ್ತದೆ, ಇಬ್ಬರೂ ಹೇಳುವುದಿಲ್ಲ. ಇದ್ದಾರೆ ಎಂದರೆ, ರಾಸ್ಕೋನ ಮನೆಯನ್ನು ತನ್ನ ಕೈಯಾರೆ ಕೆಡವಿದ ಹಾಗೆ. ಮೈಕು ಬಂದುಬಿಟ್ಟಿತು.

"ಬ್ರೆಂಡನ್ ಹೇಳಿದ್ದು ನಿಜ," ಎಂದ ಎಲ್ಡನ್. ತನ್ನ ದನಿ ಹಾಲ್‌ನ ಆ ತುದಿಯಿಂದ ತಿರುಗಿ ಬಂದದ್ದು ಅವನಿಗೇ ಕೇಳಿಸಿತು. "ಒಬ್ಬ ಇದಾನೆ. ನಾನೇ. ಆರು ವರ್ಷದಿಂದ ಮನೆ ನನ್ನ ಹೆಸರಲ್ಲಿಲ್ಲ. ರಿಯಾಯಿತಿ ಆರು ವರ್ಷವೂ ತಗೊಂಡಿದೀನಿ. ತಪ್ಪು ಅಂತ ಮೊದಲು ಗೊತ್ತಿರಲಿಲ್ಲ. ಮೂರು ವಾರದಿಂದ ಗೊತ್ತು. ಮೂರು ವಾರ ಬಾಯಿ ಮುಚ್ಕೊಂಡಿದ್ದೆ, ಅದು ಬೇರೆ ತಪ್ಪು." ರಾಸ್ಕೋ ಕೂತಿದ್ದ ಕಡೆ ತಿರುಗಿದ. "ರಾಸ್ಕೋನ ಕಾಲು ಹೋಗಿದ್ದು ನಿಜ. ಮನೆ ಅವನ ಹೆಸರಲ್ಲಿರೋದೂ ನಿಜ. ನನ್ನ ತಪ್ಪನ್ನ ಅವನಿಂದ ವಸೂಲು ಮಾಡಬೇಡಿ."

ಯಾರೋ, "ಕೂತ್ಕೋ ಎಲ್ಡನ್, ಸಾಕು ಬಿಡು," ಎಂದರು. ಇನ್ಯಾರೋ, "ಯಾಕೆ ಸಾಕು? ಆರು ವರ್ಷದ್ದು ಎಷ್ಟಾಯ್ತು ಅಂತ ಕೇಳಿ!" ಎಂದರು. ಹತ್ತು ಕಡೆ ಮಾತು ಹೊತ್ತಿಕೊಂಡಿತು. ಹಾಬಾರ್ಟ್ ಮರದ ಸುತ್ತಿಗೆ ಬಡಿದರು. "ನಾನು ನಿಮ್ಮನ್ನ ಅಂದಿದ್ದಲ್ಲ," ಎಂದ ಬ್ರೆಂಡನ್ ಕೂಸಿನ ಬೆನ್ನು ತಟ್ಟುತ್ತ, ಯಾರಿಗೋ ಎಂಬಂತೆ. ಎಲ್ಡನ್ ದಾಟಿ ಹೋಗುವಾಗ ರಾಸ್ಕೋ ಅವನ ತೋಳು ಹಿಡಿದ.

"ಕೆಮ್ಮು ಅಂದಿದ್ದೆ ಕಣೋ ನಿನಗೆ. ಬರೀ ಕೆಮ್ಮು ಅಂದಿದ್ದೆ."

"ನೀನು ನನ್ನ ಹೆಸರು ತೆಗೀಬಾರದಿತ್ತು."

"ನನಗೇನು ಗೊತ್ತು! ಹೇಳಿದ್ದೆಯಾ? ಐವತ್ತು ವರ್ಷದ ಸ್ನೇಹಿತ ಅಂತೆ!"  ಎಲ್ಡನ್ ತೋಳು ಬಿಡಿಸಿಕೊಂಡು ಹೊರಗೆ ಬಂದ.

ಹೊರಗಿನ ಉದ್ದ ಪಡಸಾಲೆಯಲ್ಲಿ ಮಕ್ಕಳ ಕೋಟು ನೇತುಹಾಕುವ ಗೂಟಗಳು ಅವನ ಸೊಂಟದ ಎತ್ತರಕ್ಕಿದ್ದವು. ಹಿಂದಿನಿಂದ ಓಡಿ ಬಂದ ಹೆಜ್ಜೆ ಕೊರಿನ್‌ಳದು.

"ಮಾವ! ಇದನ್ನ ಸರಿಮಾಡು ಅಂತ ನನ್ನನ್ನ ಒಂದು ಮಾತು ಕೇಳೋಕೆ ಇಡೀ ಊರಿನ ಮುಂದೆ ನಿಂತ್ಕೋಬೇಕಿತ್ತಾ?"

"ಇನ್ನೂ ಕೇಳಿಲ್ಲವಲ್ಲ."

"ಹಾಗಾದರೆ ಕೇಳಿ."

ಒಳಗೆ ಸುತ್ತಿಗೆಯ ಸದ್ದು. ಎಲ್ಡನ್ ಗೋಡೆಗೆ ಅಂಟಿಸಿದ್ದ ಒಂದು ಚಿತ್ರದ ಕಡೆ ನೋಡಿದ; ನೇರಳೆ ಬಣ್ಣದ ಹಸು. "ಸಾಯೋವರೆಗೆ ಆ ಮನೇಲಿ ಇರೋ ಹಕ್ಕು ನನ್ನದು ಅಂತ ನನಗೊಂದು ಕಾಗದ ಬೇಕು ಕೊರಿನ್. ನಿನ್ನನ್ನ ನಂಬದೆ ಅಲ್ಲ. ಅವರು ಕೇಳ್ತಾರೆ. ಏಪ್ರಿಲ್ ಒಂದರೊಳಗೆ."

ಕೊರಿನ್ ಗೂಟಗಳ ಕೆಳಗಿನ ಸಣ್ಣ ಬೆಂಚಿನ ಮೇಲೆ ಕೂತುಬಿಟ್ಟಳು. "ಡ್ವೈಟ್ ಆ ಮನೆ ಮೇಲೆ ಸಾಲಕ್ಕೆ ಅರ್ಜಿ ಹಾಕಿದಾನೆ ಮಾವ. ಸ್ವಂತ ಗ್ಯಾರೇಜಿಗೆ. ಅದನ್ನೇ ಹೇಳೋಕೆ ಬಂದೆ. ಗುರುವಾರ ನಾನು ಸಹಿ ಹಾಕಬೇಕು."

"ಓ."

"ಆ ಮನೇಲಿ ಯಾರಾದರೂ ವಾಸ ಇದಾರಾ ಅಂತ ಬ್ಯಾಂಕಿನವರು ಕೇಳಿದರು. ಇಲ್ಲ ಅಂದ." ಅವಳು ಅಂಗೈಯಿಂದ ಮೂಗು ಒರೆಸಿಕೊಂಡಳು. "ನಾನು ಪಕ್ಕದಲ್ಲೇ ಕೂತಿದ್ದೆ. ಸುಮ್ಮನಿದ್ದೆ."

ಎಲ್ಡನ್‌ಗೆ ಕೂರಬೇಕೆನಿಸಿತು. ಆ ಬೆಂಚಿನಲ್ಲಿ ಕೂತರೆ ಮತ್ತೆ ಏಳಲಾಗದು. ನಿಂತೇ ಕೇಳಿದ. "ಹಾಕ್ತೀಯಾ, ಸಹಿ?"

"ಇಲ್ಲ." ಹೇಳಿದ ಮೇಲೆ ತಾನೇ ಬೆಚ್ಚಿದವಳ ಹಾಗೆ ತಲೆ ಎತ್ತಿದಳು. "ಇಲ್ಲ, ಹಾಕಲ್ಲ. ಸೋಮವಾರ ರಜಾ ಹಾಕ್ತೀನಿ, ಇಬ್ಬರೂ ವಕೀಲರ ಹತ್ತಿರ ಹೋಗೋಣ, ಆ ಸಾಲು ಬರೆಸೋಣ. ಆದರೆ ಇವತ್ತು ಮನೆಗೆ ಹೋಗಿ ಅವನಿಗೆ ನಾನು ಏನಂತ ಹೇಳಲಿ? ಗ್ಯಾರೇಜಿನ ಜಾಗಕ್ಕೆ ಆಗಲೇ ಮುಂಗಡ ಕೊಟ್ಟಿದಾನೆ. ಊರವರು ಆ ಆರು ವರ್ಷದ ರಿಯಾಯಿತಿ ಬೇರೆ ವಾಪಸ್ ಕೇಳಿದರೆ, ಅದನ್ನ ಎಲ್ಲಿಂದ..."

ಬಾಗಿಲ ಸಂದಿನಿಂದ ಹಾಬಾರ್ಟ್ ಮೇಷ್ಟ್ರ ದನಿ ಬಂತು. ಕೈ ಎತ್ತಿದ್ದನ್ನು ಲೆಕ್ಕ ಹಾಕಲಾಗುತ್ತಿಲ್ಲ, ಎರಡು ಕಡೆಯೂ ಸಮಸಮ ಕಾಣುತ್ತಿದೆ, ಠರಾವಿನ ಪರ ಇರುವವರು ಎದ್ದು ನಿಂತು ಕಾರ್ಡು ತೋರಿಸಿ, ಒಬ್ಬೊಬ್ಬರನ್ನಾಗಿ ಎಣಿಸುತ್ತೇವೆ.

ಎಲ್ಡನ್ ಜೇಬು ತಡಕಿದ. ಕಾರ್ಡು ಒಂದರಲ್ಲಿರಲಿಲ್ಲ. ಇನ್ನೊಂದರಲ್ಲಿ ಕೈಗವಸಿನ ಜೊತೆ ಮಡಚಿಹೋಗಿತ್ತು. ತೊಡೆಯ ಮೇಲಿಟ್ಟು ಅದನ್ನು ನೇರ ಮಾಡಿದ.

"ಅವನ ಅಣ್ಣನ ಹತ್ತಿರಾನೂ ದುಡ್ಡು ಈಸ್ಕೊಂಡಿದಾನೆ ಮಾವ. ಅವರು ಸುಮ್ಮನೆ ಬಿಡೋ ಜನ ಅಲ್ಲ, ನಿಮಗೆ ಗೊತ್ತಲ್ಲ... ಮಾವ? ಕೇಳಿಸ್ತಿದೆಯಾ?"

ಅವನು ಆಗಲೇ ಹೆಗಲಿನಿಂದ ಬಾಗಿಲನ್ನು ತಳ್ಳಿ, ಕಾರ್ಡನ್ನು ತಲೆಯ ಮೇಲೆ ಎತ್ತಿ ಹಿಡಿದು, ಒಳಗೆ ಹೋಗುತ್ತಿದ್ದ.